ಮಾತು ಕಳೆದುಕೊಂಡ ಹುಡುಗಿ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಮಕ್ಕಳು ಹೆಚ್ಚು ಮಾತಾಡಿದಾಗಲೆಲ್ಲ ಹಿರಿಯರು ಇದನ್ನು ನೆನಪಿಸುತ್ತಾರೆ. ಸುಮ್ಮನಿರುವ ಮಗು ಒಳ್ಳೆಯ ಮಗು, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂಬುದು ಎಲ್ಲ ದೇಶಗಳ ತಂದೆತಾಯಿಗಳಿಗೂ ಇರುವ ಒಂದು ಸಮಾಧಾನ. ಆದರೆ ನಿನ್ನೆಯವರೆಗೆ ಮನೆ ತುಂಬ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಅದನ್ನೂ ಬಂಗಾರವೆಂದು ಕರೆಯಬಹುದೇ? ಹದಿಹರೆಯದ ವಯಸ್ಸೇ ಹಾಗೆ ಎಂದು ಬಿಟ್ಟುಬಿಡಬಹುದೇ?

ಈ ಪ್ರಶ್ನೆಯನ್ನೇ ಬೆನ್ನುಹತ್ತಿದ ಒಂದು ಕಾದಂಬರಿ ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾಯಿತು. ಅದರ ಹೆಸರು ‘ಸ್ಪೀಕ್’. ಕನ್ನಡದಲ್ಲಿ ಹೇಳುವುದಾದರೆ ‘ಮಾತಾಡು’. ಬರೆದವರು ಲಾರೀ ಹಾಲ್ಸ್ ಆಂಡರ್ಸನ್. ಹದಿಹರೆಯದ ಓದುಗರಿಗಾಗಿಯೇ ಬರೆದ ಈ ಪುಸ್ತಕ ಸಾವಿರಾರು ಶಾಲೆಗಳ ತರಗತಿಗಳಿಗೆ ಹೋಯಿತು. ಹಲವು ಶಾಲೆಗಳಿಂದ ಅದನ್ನು ಹೊರಹಾಕುವ ಪ್ರಯತ್ನವೂ ನಡೆಯಿತು. ಒಂದು ಪುಸ್ತಕಕ್ಕೆ ಈ ಎರಡೂ ಅನುಭವ ಏಕಾಯಿತು ಎಂದು ತಿಳಿಯಲು ಮೊದಲು ಆ ಬಗೆಯ ಸಾಹಿತ್ಯ ಹುಟ್ಟಿದ ರೀತಿಯನ್ನೂ ಆಮೇಲೆ ಆ ಕಥೆಯನ್ನೂ ಸ್ವಲ್ಪ ವಿವರವಾಗಿ ನೋಡಬೇಕು.

ಮಕ್ಕಳ ಸಾಹಿತ್ಯ ಹಳೆಯದು. ದೊಡ್ಡವರ ಸಾಹಿತ್ಯವಂತೂ ಇನ್ನೂ ಹಳೆಯದು. ಇವೆರಡರ ನಡುವೆ ಸಿಕ್ಕಿಕೊಂಡ ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಪ್ರತ್ಯೇಕ ಸಾಹಿತ್ಯ ಬೇಕು ಎಂಬ ಯೋಚನೆ ಮಾತ್ರ ಇಪ್ಪತ್ತನೆಯ ಶತಮಾನದ್ದು. ಅದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಲೇಖಕರಿಗಿಂತ ಹೆಚ್ಚಾಗಿ ಗ್ರಂಥಪಾಲಕರು. ಮಕ್ಕಳ ಕಪಾಟನ್ನು ಬಿಟ್ಟು ಬಂದ ಹುಡುಗ ಹುಡುಗಿಯರು ದೊಡ್ಡವರ ಕಪಾಟಿನ ಮುಂದೆ ಕಂಗಾಲಾಗಿ ನಿಲ್ಲುವುದನ್ನು ದಿನವೂ ಕಾಣುತ್ತಿದ್ದವರು ಅವರೇ. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲಿ ಈ ವಯಸ್ಸಿನವರ ಸೇವೆಗೆಂದೇ ಒಂದು ವಿಭಾಗವನ್ನು ತೆರೆಯಿತು.

ಆ ಕಪಾಟನ್ನು ನಿಜವಾಗಿ ತುಂಬಿಸಿದ ಪುಸ್ತಕ ಬಂದದ್ದು ಹತ್ತು ವರ್ಷದ ಬಳಿಕ. 1967ರಲ್ಲಿ ಪ್ರಕಟವಾದ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿಯನ್ನು ಬರೆದವಳು ಓಕ್ಲಹೋಮಾದ ಟಲ್ಸಾ ನಗರದ ಒಬ್ಬ ಶಾಲಾ ಹುಡುಗಿ, ಎಸ್.ಇ. ಹಿಂಟನ್. ಬರೆಯಲು ತೊಡಗಿದಾಗ ಆಕೆಗೆ ಹದಿನೈದು ವರ್ಷ. ತಂದೆತಾಯಿಗಳನ್ನು ಕಳೆದುಕೊಂಡ ಮೂವರು ಅಣ್ಣತಮ್ಮಂದಿರು, ಬಡವರ ಹುಡುಗರಿಗೂ ಸಿರಿವಂತರ ಹುಡುಗರಿಗೂ ನಡೆಯುವ ಬೀದಿಜಗಳ, ಕಣ್ಣೆದುರಿನ ಸಾವು ಇವು ಅದರ ವಸ್ತು. ನೀತಿಕಥೆಯಾಗಲಿ ಶಾಲೆಯ ಸಾಹಸಕಥೆಯಾಗಲಿ ಅದರಲ್ಲಿರಲಿಲ್ಲ. 1974ರಲ್ಲಿ ರಾಬರ್ಟ್ ಕಾರ್ಮಿಯರ್ ‘ದಿ ಚಾಕೊಲೇಟ್ ವಾರ್’ ಬರೆದರು. ತಾಯಿಯನ್ನು ಕಳೆದುಕೊಂಡ ಒಬ್ಬ ಹುಡುಗ ಶಾಲೆಯ ನಿಧಿಗಾಗಿ ಚಾಕೊಲೇಟ್ ಮಾರಲು ಒಪ್ಪದೆ ನಿಂತು, ಇಡೀ ಶಾಲೆಯನ್ನೇ ಎದುರು ಹಾಕಿಕೊಂಡು ಕೊನೆಗೆ ಸೋಲುವ ಕಥೆ ಅದು. 1981ರಲ್ಲಿ ಜೂಡಿ ಬ್ಲೂಮ್ ಅವರ ‘ಟೈಗರ್ ಐಸ್’ ಬಂತು. ತಂದೆ ತನ್ನ ಅಂಗಡಿಯಲ್ಲೇ ಗುಂಡಿಗೆ ಬಲಿಯಾದ ಮೇಲೆ ದೂರದ ಊರಿಗೆ ಹೋಗಿ ಬದುಕಬೇಕಾದ ಹುಡುಗಿಯೊಬ್ಬಳ ದುಃಖ ಅದರಲ್ಲಿದೆ.

ಈ ಎಲ್ಲ ಕೃತಿಗಳಲ್ಲೂ ಒಂದು ಸಮಾನ ಅಂಶವುಂಟು. ಆಘಾತಕ್ಕೆ ಒಳಗಾದ ಹುಡುಗ ಅಥವಾ ಹುಡುಗಿ ಒಂಟಿಯಾಗುತ್ತಾರೆ. ದೊಡ್ಡವರು ಅಲ್ಲೇ ಪಕ್ಕದಲ್ಲಿದ್ದರೂ ಅವರಿಗೆ ಏನೂ ಕಾಣುವುದಿಲ್ಲ. ಕಥೆಯನ್ನು ಸಾಮಾನ್ಯವಾಗಿ ಆ ಎಳೆಯರ ಕಣ್ಣಿನಿಂದಲೇ, ಹೆಚ್ಚಾಗಿ ಅವರ ಬಾಯಿಂದಲೇ ಹೇಳಿಸಲಾಗುತ್ತದೆ. ‘ಸ್ಪೀಕ್’ ಕಾದಂಬರಿ ಬಂದದ್ದು ಈ ಪರಂಪರೆಯಲ್ಲಿಯೇ. ಆದರೆ ಬಾಯಿಬಿಡದ ಹುಡುಗಿಯ ಬಾಯಿಂದಲೇ ಇಡೀ ಕಥೆಯನ್ನು ಹೇಳಿಸುವ ಕಷ್ಟದ ಕೆಲಸವನ್ನು ಅದು ಕೈಗೆತ್ತಿಕೊಂಡಿತು.

ಕಥೆ ನಡೆಯುವುದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಎಂಬ ಊರಿನಲ್ಲಿ. ಬೇಸಿಗೆ ರಜೆ ಮುಗಿದು ಮೆಲಿಂಡಾ ಎಂಬ ಹುಡುಗಿ ಒಂಬತ್ತನೆಯ ತರಗತಿಗಾಗಿ ಹೊಸ ಪ್ರೌಢಶಾಲೆಗೆ ಹೊರಟಿದ್ದಾಳೆ. ಶಾಲೆಯ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಯಾರೂ ಬಂದು ಕೂರುವುದಿಲ್ಲ. ಹಿಂದಿನ ವರ್ಷದವರೆಗೆ ಜೀವದ ಗೆಳತಿಯಾಗಿದ್ದ ರೇಚಲ್ ಮುಖ ತಿರುಗಿಸುತ್ತಾಳೆ. ಬೇರೆಯವರು ಗುರುತೇ ಇಲ್ಲದವರಂತೆ ನಡೆಯುತ್ತಾರೆ, ಕೆಲವರು ಛೇಡಿಸುತ್ತಾರೆ. ಏಕೆ ಎಂಬುದು ಓದುಗನಿಗೆ ನಿಧಾನವಾಗಿ ತಿಳಿಯುತ್ತದೆ. ರಜೆಯ ಕೊನೆಯಲ್ಲಿ ನಡೆದ ಒಂದು ಪಾರ್ಟಿಗೆ ಈಕೆ ಪೊಲೀಸರನ್ನು ಕರೆಸಿದ್ದಳು. ಪೊಲೀಸರು ಬಂದು ಎಲ್ಲರನ್ನೂ ಚದುರಿಸಿದರು, ಕೆಲವರು ಸಿಕ್ಕಿಬಿದ್ದರು. ಆದ್ದರಿಂದ ಶಾಲೆಯ ದೃಷ್ಟಿಯಲ್ಲಿ ಅವಳು ಚಾಡಿಕೋರಳು.

ಆದರೆ ಏಕೆ ಕರೆಸಿದೆ ಎಂದು ಅವಳನ್ನು ಒಬ್ಬರೂ ಕೇಳುವುದಿಲ್ಲ. ಕಾದಂಬರಿಯ ಕೀಲು ಇರುವುದು ಇಲ್ಲಿಯೇ. ಆ ರಾತ್ರಿ ಹಿರಿಯ ತರಗತಿಯ ಆಂಡಿ ಇವಾನ್ಸ್ ಎಂಬವನು ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವಳು ಫೋನ್ ಎತ್ತಿ ಪೊಲೀಸರಿಗೆ ಡಯಲ್ ಮಾಡಿದಳು, ಆದರೆ ಆ ಕಡೆಯ ದನಿ ಕೇಳಿದಾಗ ಅವಳ ಬಾಯಿಂದ ಮಾತು ಹೊರಡಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಗಲಾಟೆಯಾಯಿತು, ಅವಳು ಒಬ್ಬಳೇ ಕತ್ತಲಲ್ಲಿ ಮನೆಗೆ ನಡೆದು ಹೋದಳು. ಮನೆಯಲ್ಲಿ ಆಗ ಯಾರೂ ಇರಲಿಲ್ಲ. ಅಂದು ಗಂಟಲಲ್ಲಿ ಸಿಕ್ಕಿಕೊಂಡ ಮಾತು ಸುಮಾರು ಒಂದು ಶಾಲಾವರ್ಷ ಹೊರಬರುವುದಿಲ್ಲ. ಶಾಲೆಯ ನಾಲ್ಕು ಅವಧಿಗಳಿಗೆ ನಾಲ್ಕು ಭಾಗಗಳಂತೆ ಕಾದಂಬರಿ ಆ ವರ್ಷವನ್ನೇ ಹಿಂಬಾಲಿಸುತ್ತದೆ.

ಒಂದು ದೊಡ್ಡ ಏಟು ಬಿದ್ದು ಮಾತು ನಿಂತುಹೋಯಿತು ಎಂದಷ್ಟೇ ಲೇಖಕಿ ಹೇಳಿದ್ದರೆ ಪುಸ್ತಕಕ್ಕೆ ಈ ಬೆಲೆ ಬರುತ್ತಿರಲಿಲ್ಲ. ಆ ಮೌನವನ್ನು ಸುತ್ತಲಿನವರು ದಿನದಿನವೂ ಹೇಗೆ ಗಟ್ಟಿಮಾಡುತ್ತಾರೆ ಎಂಬುದನ್ನು ಅವರು ಸಣ್ಣ ಸಣ್ಣ ವಿವರಗಳಲ್ಲಿ ತೋರಿಸುತ್ತಾರೆ. ಮೆಲಿಂಡಾಳ ತಾಯಿ ಬಟ್ಟೆ ಅಂಗಡಿಯೊಂದರ ವ್ಯವಸ್ಥಾಪಕಿ, ತಂದೆ ವಿಮಾ ಕಂಪನಿಯ ನೌಕರ. ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಹೋಗುವುದೇ ಆ ಮನೆಯ ಸಂಭಾಷಣೆ. ಅವಳು ತುಟಿಗಳನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಿರುವುದು ಕಾಣುತ್ತದೆ, ಕಾರಣವನ್ನು ಯಾರೂ ಹುಡುಕುವುದಿಲ್ಲ. ಅಂಕಗಳು ಇಳಿಯುತ್ತವೆ. ಆಗ ಮಾತ್ರ ಎಲ್ಲರೂ ಎಚ್ಚರವಾಗುತ್ತಾರೆ. ಪ್ರಾಂಶುಪಾಲರು, ಸಲಹೆಗಾರರು, ತಂದೆತಾಯಿ ಒಟ್ಟಾಗಿ ಕುಳಿತು ಅವಳ ಮುಂದೆಯೇ ಅವಳ ಬಗ್ಗೆ ಚರ್ಚಿಸುತ್ತಾರೆ. ಗಮನ ಸೆಳೆಯಲು ಹೀಗೆ ಮಾಡುತ್ತಿದ್ದಾಳೆ ಎಂಬ ಮಾತೂ ಬರುತ್ತದೆ.

ಹೊಸದಾಗಿ ಊರಿಗೆ ಬಂದ ಹೆದರ್ ಎಂಬ ಹುಡುಗಿ ಸ್ವಲ್ಪ ದಿನ ಜೊತೆಯಾಗಿರುತ್ತಾಳೆ. ಶಾಲೆಯ ಪ್ರತಿಷ್ಠಿತ ಗುಂಪೊಂದರಲ್ಲಿ ಜಾಗ ಸಿಗುತ್ತಲೇ ಅವಳೂ ದೂರ ಸರಿಯುತ್ತಾಳೆ. ಕೋಪಗೊಂಡ ಒಬ್ಬ ಮೇಷ್ಟ್ರಿಂದ ತಪ್ಪಿಸಿಕೊಳ್ಳಲು ಓಡುವಾಗ ಮೆಲಿಂಡಾಳಿಗೆ ಜವಾನರು ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಒಂದು ಪಾಳು ಕೋಣೆ ಸಿಗುತ್ತದೆ. ಅದನ್ನೇ ಅವಳು ತನ್ನ ಅಡಗುತಾಣ ಮಾಡಿಕೊಳ್ಳುತ್ತಾಳೆ. ಅಲ್ಲಿದ್ದ ಕನ್ನಡಿಗೆ ಕವಿ ಮಾಯಾ ಏಂಜಲೋ ಅವರ ಚಿತ್ರಪಟವನ್ನು ಮುಚ್ಚುತ್ತಾಳೆ. ತನ್ನ ಮುಖವನ್ನು ತಾನೇ ನೋಡಿಕೊಳ್ಳಲು ಅವಳಿಗೆ ಮನಸ್ಸಿಲ್ಲ. ಎಳೆವಯಸ್ಸಿನಲ್ಲಿ ಅತ್ಯಾಚಾರಕ್ಕೆ ಗುರಿಯಾಗಿ ಆಮೇಲೆ ಹಲವು ವರ್ಷ ಮಾತನ್ನೇ ಬಿಟ್ಟಿದ್ದವರು ಏಂಜಲೋ ಎಂಬುದನ್ನು ತಿಳಿದವರಿಗೆ ಈ ಚಿತ್ರಪಟದ ಅರ್ಥ ಹೊಳೆಯುತ್ತದೆ. ಕಾದಂಬರಿ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ.

ಇಷ್ಟೆಲ್ಲ ಆದರೂ ಅವಳು ಒಂದು ಮಾತು ಹೇಳಬಾರದಿತ್ತೇ ಎಂದು ಓದುವವರಿಗೆ ಅನ್ನಿಸುವುದು ಸಹಜ. ಇದಕ್ಕೆ ಉತ್ತರವನ್ನು ವೈದ್ಯಶಾಸ್ತ್ರ ಕಂಡುಕೊಂಡದ್ದೂ ಬಹಳ ಹಿಂದೇನಲ್ಲ. ಅತ್ಯಾಚಾರಕ್ಕೆ ಒಳಗಾದವರಲ್ಲಿ ಕಾಣುವ ಲಕ್ಷಣಗಳನ್ನು ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಮಹಿಳೆಯರನ್ನು ಮಾತಾಡಿಸಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಂ ಎಂಬ ಇಬ್ಬರು ಸಂಶೋಧಕಿಯರು 1974ರಲ್ಲಿ ವಿವರಿಸಿದರು. ಆಘಾತದ ನಂತರ ಉಳಿಯುವ ಮಾನಸಿಕ ಬೇನೆಗೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಈಗಿನ ಹೆಸರು ಸಿಕ್ಕಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯ ಅದಕ್ಕೆ ಮುಖ್ಯ ಕಾರಣವಾಗಿತ್ತು. ರಣರಂಗದಿಂದ ಬಂದ ಸೈನಿಕನಿಗೂ ಮನೆಯೊಳಗೆ, ಊರೊಳಗೆ ಹಿಂಸೆ ಅನುಭವಿಸಿದ ಹೆಂಗಸಿಗೂ ಮಗುವಿಗೂ ಆಗುವ ಗಾಯ ಒಂದೇ ಜಾತಿಯದು ಎಂದು ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಾದಿಸಿದರು.

ಅಪಾಯ ಎದುರಾದಾಗ ದೇಹ ಕಾದಾಡುತ್ತದೆ ಅಥವಾ ಓಡುತ್ತದೆ ಎಂದು ಎಲ್ಲರಿಗೂ ಗೊತ್ತು. ಎರಡೂ ಸಾಧ್ಯವಾಗದಾಗ ದೇಹ ಮರಗಟ್ಟಿ ನಿಲ್ಲುವುದೂ ಉಂಟು. ಆಗ ಕೂಗಲಿಲ್ಲ ಎಂದರೆ ಒಪ್ಪಿಗೆ ಇತ್ತು ಎಂದು ಅರ್ಥವಲ್ಲ. ಹೀಗೆ ನಡೆದದ್ದರ ನೆನಪೂ ಸಾಮಾನ್ಯ ನೆನಪಿನಂತೆ ಮೊದಲಿಂದ ಕೊನೆಯವರೆಗೆ ಸಾಲಾಗಿ ಕೂರುವುದಿಲ್ಲ. ಒಂದು ವಾಸನೆ, ಒಂದು ದನಿ, ಒಂದು ಭಂಗಿ ಅದನ್ನು ಚೂರುಚೂರಾಗಿ ಎಳೆದು ತರುತ್ತದೆ. ಜೀವಶಾಸ್ತ್ರದ ತರಗತಿಯಲ್ಲಿ ಕಪ್ಪೆಯನ್ನು ಅಂಗಾತ ಮಲಗಿಸಿ ಮೊಳೆ ಹೊಡೆದದ್ದನ್ನು ನೋಡಿ ಮೆಲಿಂಡಾ ಮೂರ್ಛೆ ಬೀಳುವ ಪ್ರಸಂಗ ಕಾದಂಬರಿಯಲ್ಲಿದೆ. ಉಳಿದವರಿಗೆ ಅದು ಕಪ್ಪೆ, ಅವಳಿಗೆ ಅದು ಆ ರಾತ್ರಿ. ಇಂಥ ಸ್ಥಿತಿಯಲ್ಲಿ ಇರುವವರಿಗೆ ಘಟನೆಯನ್ನು ಒಂದು ವಾಕ್ಯ ಮಾಡಿ ಹೇಳುವುದೇ ಅತಿ ಕಷ್ಟದ ಕೆಲಸ. ಜೊತೆಗೆ ನಾಚಿಕೆ, ಯಾರೂ ನಂಬಲಾರರೆಂಬ ಭಯ, ತಪ್ಪು ತನ್ನದೇ ಇರಬಹುದೆಂಬ ಗುಮಾನಿ. ಅಪರಾಧಿಯೋ ಅದೇ ಶಾಲೆಯ ಪಡಸಾಲೆಯಲ್ಲಿ ನಗುತ್ತ ಓಡಾಡುತ್ತಿರುತ್ತಾನೆ. ಅವನ ಹೆಸರನ್ನು ಹೇಳಲೂ ಆಗದೆ ಮೆಲಿಂಡಾ ಬಹಳ ಕಾಲ ಅವನನ್ನು ಮನಸ್ಸಿನಲ್ಲಿ ‘ಅದು’ ಎಂದೇ ಕರೆಯುತ್ತಾಳೆ.

ಗಾಯ ಮಾಯುವುದಕ್ಕೆ ಹರ್ಮನ್ ಮೂರು ಹಂತಗಳನ್ನು ಹೇಳುತ್ತಾರೆ. ಮೊದಲು ಸುರಕ್ಷಿತ ಎನ್ನಿಸುವ ಒಂದು ಜಾಗ ಬೇಕು. ಆಮೇಲೆ ನಡೆದದ್ದನ್ನು ನೆನೆದು, ಹೇಳಿ, ಅದಕ್ಕಾಗಿ ದುಃಖಿಸಬೇಕು. ಕೊನೆಗೆ ಮನುಷ್ಯರ ಜೊತೆಗಿನ ನಂಟನ್ನು ಮತ್ತೆ ಕಟ್ಟಿಕೊಳ್ಳಬೇಕು. ಮೆಲಿಂಡಾಳ ಪಾಳು ಕೋಣೆಯನ್ನು ಮೊದಲನೆಯ ಹಂತದ ಬಡ ರೂಪ ಎನ್ನಬಹುದು. ಬಡ ರೂಪ ಏಕೆಂದರೆ ಅಲ್ಲಿ ರಕ್ಷಣೆ ಇದೆ, ಜೊತೆ ಇಲ್ಲ. ಎರಡನೆಯ ಹಂತಕ್ಕೆ ಅವಳನ್ನು ಕರೆದುಕೊಂಡು ಹೋಗುವುದು ಚಿತ್ರಕಲೆಯ ತರಗತಿ.

ಚಿತ್ರಕಲೆಯ ಮೇಷ್ಟ್ರು ಫ್ರೀಮನ್ ವರ್ಷದ ಮೊದಲಲ್ಲಿ ಒಂದು ಹಳೆಯ ಭೂಗೋಳದ ಗೋಳದೊಳಗೆ ಚೀಟಿಗಳನ್ನು ಹಾಕಿ ಎಲ್ಲರಿಗೂ ಒಂದೊಂದು ಎತ್ತಲು ಹೇಳುತ್ತಾರೆ. ಬಂದ ವಸ್ತುವನ್ನು ವರ್ಷವಿಡೀ ಬಿಡಿಸಬೇಕು. ಮೆಲಿಂಡಾಳಿಗೆ ಬಂದದ್ದು ‘ಮರ’. ಮರ ಬಿಡಿಸುವುದು ಎಷ್ಟು ಸುಲಭ ಎಂದುಕೊಳ್ಳುತ್ತಾಳೆ. ಕೈ ಹಾಕಿದರೆ ಒಂದೂ ಸರಿಬರುವುದಿಲ್ಲ. ಸಿಡಿಲು ಬಡಿದ ಮರಗಳು ಬರುತ್ತವೆ, ಜೀವವಿಲ್ಲದ ಮರಗಳು ಬರುತ್ತವೆ. ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಎಲುಬುಗಳಿಂದ ಅವಳು ಮಾಡಿದ ಒಂದು ವಿಚಿತ್ರ ಕಲಾಕೃತಿಯಲ್ಲಿ ಈ ಮೇಷ್ಟ್ರು ನೋವನ್ನು ಗುರುತಿಸುತ್ತಾರೆ. ಆದರೆ ಕೆದಕುವುದಿಲ್ಲ. ಬೇಕೆನಿಸಿದಾಗ ಬಾ, ಕೇಳಲು ಇದ್ದೇನೆ ಎಂಬ ಭಾವದಲ್ಲಿ ಬಾಗಿಲು ತೆರೆದಿಡುತ್ತಾರೆ. ವರ್ಷವಿಡೀ ಅವಳಿಗೆ ಸಿಕ್ಕ ನಿಜವಾದ ಸಹಾಯ ಇದು. ಬಾಯಿಗೆ ಬಾರದ್ದು ಮೊದಲು ಕೈಗೆ ಬರಬಹುದು, ಗೆರೆಯಾಗಿ, ಬಣ್ಣವಾಗಿ.

ಮರದ ಪ್ರಸಂಗ ಮನೆಯ ಅಂಗಳಕ್ಕೂ ಬರುತ್ತದೆ. ವಸಂತದಲ್ಲಿ ತಂದೆ ಕೆಲಸದವರನ್ನು ಕರೆಸಿ ಮುಂದಿನ ಓಕ್ ಮರದ ಒಣಗಿದ, ರೋಗ ಹಿಡಿದ ಕೊಂಬೆಗಳನ್ನು ಕಡಿಸುತ್ತಾರೆ. ಮರವನ್ನು ಕೊಲ್ಲುತ್ತಿದ್ದೀರಾ ಎಂದು ಕೇಳಿದ ಪುಟ್ಟ ಹುಡುಗನಿಗೆ, ಇಲ್ಲ, ಉಳಿಸುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಡುತ್ತಾರೆ. ಮಗಳು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ. ಅಂಗಳದ ಕೊಳೆತ ಎಲೆಗಳನ್ನು ಗುಡಿಸಿ ಬೀಜ ಹಾಕುತ್ತಾಳೆ. ತಂದೆಗೆ ತಾನು ಏನು ಹೇಳಿದೆನೆಂಬ ಅರಿವಿಲ್ಲ ಎಂಬುದೇ ಈ ಭಾಗದ ಸೊಗಸು.

ಮಾತು ಮರಳುವುದು ಒಂದೇ ಸಲಕ್ಕಲ್ಲ. ಮೊದಲು ಅವಳು ಹುಡುಗಿಯರ ಶೌಚಾಲಯದ ಗೋಡೆಯ ಮೇಲೆ ಅವನ ಹೆಸರು ಬರೆದು, ಇವನಿಂದ ದೂರವಿರಿ ಎಂದು ಎಚ್ಚರಿಸುತ್ತಾಳೆ. ಕೆಲವು ದಿನ ಬಿಟ್ಟು ನೋಡಿದರೆ ಅದರ ಕೆಳಗೆ ಬೇರೆ ಬೇರೆ ಕೈಬರಹಗಳಲ್ಲಿ ಅವನ ಬಗ್ಗೆ ಸಾಲುಗಳು ಬೆಳೆದಿರುತ್ತವೆ. ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಮೊದಲ ಬಾರಿಗೆ ತಿಳಿಯುವುದು ಆಗ. ಹಳೆಯ ಗೆಳತಿ ರೇಚಲ್ ಅವನೊಡನೆಯೇ ಓಡಾಡಲು ತೊಡಗಿದಾಗ ಗ್ರಂಥಾಲಯದಲ್ಲಿ ಕುಳಿತು ಪುಸ್ತಕದ ಹಾಳೆಯಲ್ಲಿ ನಡೆದದ್ದನ್ನು ಬರೆದು ತೋರಿಸುತ್ತಾಳೆ. ರೇಚಲ್ ನಂಬುವುದಿಲ್ಲ, ಹೊಟ್ಟೆಕಿಚ್ಚು ಎಂದು ಸಿಡುಕುತ್ತಾಳೆ. ಆದರೂ ಆ ಬರಹ ಅವಳ ಮನಸ್ಸಿನಲ್ಲಿ ಕೆಲಸ ಮಾಡುತ್ತದೆ. ಕೊನೆಗೆ ಅವನ ಸಹವಾಸ ಬಿಡುತ್ತಾಳೆ. ಸಿಟ್ಟಿನಿಂದ ಆಂಡಿ ಅದೇ ಪಾಳು ಕೋಣೆಯಲ್ಲಿ ಮೆಲಿಂಡಾಳನ್ನು ಮತ್ತೆ ಅಡ್ಡಗಟ್ಟಿದಾಗ ಈ ಸಲ ಅವಳ ಗಂಟಲಿನಿಂದ ಕೂಗು ಹೊರಡುತ್ತದೆ. ಮುಚ್ಚಿಟ್ಟ ಕನ್ನಡಿ ಒಡೆಯುತ್ತದೆ. ಅದರ ಚೂರು ಕೈಯಲ್ಲಿ ಹಿಡಿದು ಅವನನ್ನು ತಡೆದು ನಿಲ್ಲಿಸುತ್ತಾಳೆ. ಹೊರಗಿದ್ದ ಹುಡುಗಿಯರ ಆಟದ ತಂಡ ಕೂಗು ಕೇಳಿ ಧಾವಿಸುತ್ತದೆ. ವರ್ಷದ ಕೊನೆಯ ದಿನ ಅವಳ ಮರದ ಚಿತ್ರ ಮುಗಿಯುತ್ತದೆ, ಫ್ರೀಮನ್ ಮೇಷ್ಟ್ರ ಮುಂದೆ ಅವಳು ಹೇಳಲು ತೊಡಗುತ್ತಾಳೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಮುಂದೆ ಪೊಲೀಸು, ನ್ಯಾಯಾಲಯ, ಶಿಕ್ಷೆ ಏನಾಯಿತು ಎಂಬುದು ಅದರ ವಿಷಯವಲ್ಲ.

ಆಂಡರ್ಸನ್ ಹುಟ್ಟಿದ್ದು 1961ರಲ್ಲಿ, ನ್ಯೂಯಾರ್ಕ್ ರಾಜ್ಯದ ಪಾಟ್ಸ್‌ಡ್ಯಾಮ್‌ನಲ್ಲಿ. ಬೆಳೆದದ್ದು ಕಥೆ ನಡೆಯುವ ಸಿರಕ್ಯೂಸ್‌ನಲ್ಲಿಯೇ. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಭಾಷೆ ಮತ್ತು ಭಾಷಾವಿಜ್ಞಾನ ಓದಿ, ಪತ್ರಿಕೆಗಳಿಗೆ ಬರೆಯುತ್ತ ಲೇಖಕಿಯಾದವರು. ಒಂದು ರಾತ್ರಿ ಹುಡುಗಿಯೊಬ್ಬಳು ಬಿಕ್ಕಿಬಿಕ್ಕಿ ಅಳುವುದು ಕೇಳಿ ಎಚ್ಚರಗೊಂಡು, ತಮ್ಮ ಹೆಣ್ಣುಮಕ್ಕಳೇ ಇರಬಹುದೆಂದು ಹೋಗಿ ನೋಡಿದರೆ ಅವರು ನಿದ್ದೆಯಲ್ಲಿದ್ದರು, ಅಳು ಕೇಳಿದ್ದು ಕನಸಿನಲ್ಲಿ, ಕಾದಂಬರಿ ಹುಟ್ಟಿದ್ದು ಅದರಿಂದ ಎಂದು ಅವರು ಹೇಳಿದ್ದಾರೆ. ಆ ಅಳು ಯಾರದೆಂಬುದು ಆಮೇಲೆ ಜಗತ್ತಿಗೆ ತಿಳಿಯಿತು. 2019ರಲ್ಲಿ ಪದ್ಯರೂಪದಲ್ಲಿ ಪ್ರಕಟಿಸಿದ ‘ಶೌಟ್’ ಎಂಬ ಆತ್ಮಕಥೆಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ತಮ್ಮ ಮೇಲೆ ನಡೆದ ಅತ್ಯಾಚಾರವನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಅದನ್ನು ಯಾರಲ್ಲೂ ಹೇಳದೆ ಉಳಿದದ್ದನ್ನೂ ಅವರು ವಿವರವಾಗಿ ಬರೆದರು. ಮೆಲಿಂಡಾಳಿಗೆ ಒಂದು ವರ್ಷ ಹಿಡಿದ ಕೆಲಸಕ್ಕೆ ಅವಳನ್ನು ಸೃಷ್ಟಿಸಿದವರಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಗಿತ್ತು.

ಪುಸ್ತಕಕ್ಕೆ ಮನ್ನಣೆ ಬೇಗ ಬಂತು. ಪ್ರಕಟವಾದ ವರ್ಷವೇ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಹದಿಹರೆಯದವರ ಸಾಹಿತ್ಯಕ್ಕೆಂದು 2000ದಲ್ಲಿ ಮೊದಲ ಬಾರಿಗೆ ಕೊಟ್ಟ ಪ್ರಿಂಟ್ಜ್ ಪ್ರಶಸ್ತಿಯಲ್ಲಿ ಗೌರವ ಪುರಸ್ಕಾರ ಪಡೆಯಿತು. 2004ರಲ್ಲಿ ಅದನ್ನು ಆಧರಿಸಿದ ಚಲನಚಿತ್ರ ಬಂತು, ಮೆಲಿಂಡಾ ಪಾತ್ರ ವಹಿಸಿದವರು ಆಗಿನ್ನೂ ಎಳೆಯ ನಟಿಯಾಗಿದ್ದ ಕ್ರಿಸ್ಟನ್ ಸ್ಟೀವರ್ಟ್. 2018ರಲ್ಲಿ ಎಮಿಲಿ ಕ್ಯಾರಲ್ ಅವರ ರೇಖೆಗಳಲ್ಲಿ ಚಿತ್ರಕಾದಂಬರಿಯಾಯಿತು. ಸ್ವೀಡನ್ ಸರ್ಕಾರ ಸ್ಥಾಪಿಸಿದ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ 2023ರಲ್ಲಿ ಆಂಡರ್ಸನ್ ಅವರ ಪಾಲಿಗೆ ಬಂತು. ಮಕ್ಕಳ ಮತ್ತು ಕಿಶೋರ ಸಾಹಿತ್ಯದ ಅತಿ ದೊಡ್ಡ ಪ್ರಶಸ್ತಿಗಳಲ್ಲಿ ಅದೊಂದು.

ಪ್ರಶಸ್ತಿಗಳಿಗಿಂತ ಮುಖ್ಯವಾದದ್ದು ಓದುಗರ ಪತ್ರಗಳು. ತಮಗೂ ಹೀಗಾಗಿದೆ, ಇದುವರೆಗೆ ಯಾರಿಗೂ ಹೇಳಿಲ್ಲ ಎಂದು ಎಳೆಯರೂ ದೊಡ್ಡವರೂ ಲೇಖಕಿಗೆ ಸಾವಿರಾರು ಸಂಖ್ಯೆಯಲ್ಲಿ ಬರೆದರು. ಆ ಪತ್ರಗಳ ಸಾಲುಗಳನ್ನೇ ಹೆಣೆದು ಆಂಡರ್ಸನ್ ಒಂದು ಕವಿತೆ ಮಾಡಿದರು, ಕಾದಂಬರಿಯ ನಂತರದ ಆವೃತ್ತಿಗಳಲ್ಲಿ ಅದು ಸೇರಿತು. ಶಾಲೆಗಳಿಗೆ ಮಾತಾಡಲು ಹೋದಾಗ ಅವರಿಗೆ ಇನ್ನೊಂದು ಅನುಭವವೂ ಆಯಿತು. ಕಥೆ ಓದಿದ ಗಂಡುಹುಡುಗರಲ್ಲಿ ಕೆಲವರು, ಆ ಹುಡುಗಿ ಅಷ್ಟೊಂದು ನೊಂದುಕೊಳ್ಳುವುದೇಕೆ ಎಂದು ಕೇಳುತ್ತಿದ್ದರು. ಕುಚೋದ್ಯಕ್ಕಲ್ಲ, ನಿಜವಾಗಿಯೂ ತಿಳಿಯದೆ. ಒಪ್ಪಿಗೆ ಎಂದರೇನು ಎಂದು ಆ ಹುಡುಗರಿಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಪುಸ್ತಕ ಹೆಣ್ಣುಮಕ್ಕಳಿಗೆ ಮಾತ್ರ ಎಂದುಕೊಳ್ಳುವುದು ಎಷ್ಟು ತಪ್ಪು ಎಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿ.

ಇನ್ನು ವಿರೋಧದ ಮಾತು. 2010ರಲ್ಲಿ ಮಿಸೌರಿ ರಾಜ್ಯದ ರಿಪಬ್ಲಿಕ್ ಎಂಬ ಪಟ್ಟಣದ ಶಾಲೆಗಳಲ್ಲಿ ಈ ಕಾದಂಬರಿ ಪಾಠವಾಗಿರುವುದನ್ನು ಆಕ್ಷೇಪಿಸಿ ಒಬ್ಬ ಪ್ರಾಧ್ಯಾಪಕರು ಸ್ಥಳೀಯ ಪತ್ರಿಕೆಯಲ್ಲಿ ಬರೆದರು. ಅತ್ಯಾಚಾರದ ಪ್ರಸಂಗವಿರುವ ಈ ಪುಸ್ತಕ ಅಶ್ಲೀಲದ ಸಾಲಿಗೆ ಸೇರುತ್ತದೆ ಎಂಬುದು ಅವರ ವಾದ. ಲೇಖಕರು, ಗ್ರಂಥಪಾಲಕರು, ಓದುಗರು ದೇಶದ ಎಲ್ಲ ಕಡೆಯಿಂದ ಪ್ರತಿಭಟಿಸಿದರು. ಎಷ್ಟೋ ಮಂದಿ ತಮ್ಮ ಮೇಲೆ ನಡೆದ ಅತ್ಯಾಚಾರವನ್ನು ಮೊದಲ ಬಾರಿಗೆ ಬಹಿರಂಗವಾಗಿ ಹೇಳಿಕೊಂಡರು. ಮರುವರ್ಷ ಅಲ್ಲಿನ ಶಾಲಾಮಂಡಳಿ ‘ಸ್ಪೀಕ್’ ಪುಸ್ತಕವನ್ನು ಉಳಿಸಿಕೊಂಡಿತು. ಅದರ ಜೊತೆಗೇ ಆಕ್ಷೇಪಕ್ಕೆ ಗುರಿಯಾಗಿದ್ದ ಬೇರೆ ಎರಡು ಪುಸ್ತಕಗಳನ್ನು ತೆಗೆದುಹಾಕಿತು. ಅಮೆರಿಕದ ಗ್ರಂಥಾಲಯ ಸಂಘ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೊಳಗಾದ 100 ಪುಸ್ತಕಗಳ ಪಟ್ಟಿಯಲ್ಲಿ 2000ರಿಂದ 2009ರ ದಶಕದಲ್ಲೂ 2010ರಿಂದ 2019ರ ದಶಕದಲ್ಲೂ ಈ ಕಾದಂಬರಿ ಇದೆ. 2020ರ ಒಂದೇ ವರ್ಷದ ಪಟ್ಟಿಯಲ್ಲಿ ಅದು ನಾಲ್ಕನೆಯದಾಗಿತ್ತು. ಆಗ ಕೊಟ್ಟ ಕಾರಣಗಳಲ್ಲಿ ಗಂಡುಹುಡುಗರ ವಿಷಯದಲ್ಲಿ ಪಕ್ಷಪಾತ ತೋರುತ್ತದೆ ಎಂಬುದೂ ಒಂದು.

ಆಕ್ಷೇಪಿಸುವ ತಂದೆತಾಯಿಗಳನ್ನೆಲ್ಲ ಸಂಕುಚಿತರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಳೆಯ ಮನಸ್ಸಿಗೆ ಭಾರವಾದದ್ದನ್ನು ಹೊತ್ತಿಗೆ ಮೊದಲೇ ಹೊರಿಸಬಾರದು ಎಂಬ ಅವರ ಕಾಳಜಿ ನಿಜವಾದದ್ದು. ಯಾವ ವಯಸ್ಸಿಗೆ, ಯಾರ ಜೊತೆಯಲ್ಲಿ, ಹೇಗೆ ಓದಿಸಬೇಕು ಎಂಬ ವಿವೇಚನೆ ಖಂಡಿತ ಬೇಕು. ಈಗಾಗಲೇ ನೊಂದ ಮಗುವೊಂದಕ್ಕೆ ತರಗತಿಯ ನಡುವೆ ಈ ಕಥೆ ಎದುರಾದರೆ ಗಾಯ ಕೆದರಿದಂತೆಯೂ ಆಗಬಹುದು. ಅದನ್ನು ಬಲ್ಲ ಶಿಕ್ಷಕರು ಮೊದಲೇ ಎಚ್ಚರಿಕೆ ಹೇಳುತ್ತಾರೆ, ಓದಿದ ಮೇಲೆ ಬಂದು ಮಾತಾಡಲು ದಾರಿ ಮಾಡಿಡುತ್ತಾರೆ. ಆದರೆ ಮಕ್ಕಳಿಗೆ ಇದು ತಿಳಿಯಲೇಬಾರದು ಎಂಬ ವಾದದಲ್ಲಿ ಒಂದು ದೊಡ್ಡ ತಪ್ಪು ಲೆಕ್ಕವಿದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಪುಸ್ತಕ ಓದುವುದಕ್ಕಿಂತ ಮುಂಚೆಯೇ ಅದನ್ನು ಅನುಭವದಿಂದ ತಿಳಿದ ಮಗು ಇರಬಹುದು. ಪುಸ್ತಕ ತೆಗೆದರೆ ಅದರ ಅನುಭವ ಹೋಗುವುದಿಲ್ಲ. ಇದು ಬೇರೆಯವರಿಗೂ ಆಗಿದೆ, ಇದಕ್ಕೊಂದು ಹೆಸರಿದೆ, ತಪ್ಪು ನನ್ನದಲ್ಲ ಎಂದು ತಿಳಿಯುವ ಅವಕಾಶ ಮಾತ್ರ ಹೋಗುತ್ತದೆ. ಅಂಥ ಮಗುವಿನ ಮಟ್ಟಿಗೆ ಈ ಕಾದಂಬರಿ ಮೆಲಿಂಡಾ ಬರೆದ ಆ ಗೋಡೆಯಂತೆ; ಕೆಳಗೆ ಬೇರೆಯವರ ಕೈಬರಹವೂ ಕಾಣುತ್ತದೆ.

ಇಂಥ ಸಾಹಿತ್ಯದಿಂದ ಹದಿಹರೆಯದವರು ಏನು ಕಲಿಯುತ್ತಾರೆ ಎಂದು ಕೇಳುವವರು, ಅದರಿಂದ ದೊಡ್ಡವರು ಏನು ಕಲಿಯಬಹುದು ಎಂದೂ ಕೇಳಿಕೊಳ್ಳಬೇಕು. ಮೆಲಿಂಡಾಳ ಸುತ್ತ ದೊಡ್ಡವರಿಗೆ ಕೊರತೆಯಿರಲಿಲ್ಲ. ಅವರು ಪ್ರಶ್ನೆಗಳನ್ನೂ ಕೇಳಿದರು. ಅಂಕ ಏಕೆ ಕಡಿಮೆ, ತರಗತಿಗೆ ಏಕೆ ಹೋಗಲಿಲ್ಲ, ಏಕೆ ಹೀಗಾಡುತ್ತೀ. ಪ್ರತಿಯೊಂದು ಪ್ರಶ್ನೆಯಲ್ಲೂ ಒಂದು ಆರೋಪವಿತ್ತು. ನಿನಗೇನಾಯಿತು ಎಂಬ ಪ್ರಶ್ನೆಯನ್ನು ಆರೋಪವಿಲ್ಲದೆ ಕೇಳಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ ಇದ್ದವರು ಚಿತ್ರಕಲೆಯ ಮೇಷ್ಟ್ರೊಬ್ಬರೇ. ಮಾತಾಡು ಎಂದು ಪುಸ್ತಕದ ಹೆಸರು ಹೇಳುವುದು ಮಕ್ಕಳಿಗೆ ನಿಜ. ಆದರೆ ಮಾತಾಡಿದ ದಿನ ಅದನ್ನು ನಂಬಿ ಕೇಳುವವರೊಬ್ಬರು ಎದುರಿಗಿರಬೇಕಾಗುತ್ತದೆ, ಆ ಕೆಲಸ ಮಕ್ಕಳದಲ್ಲ.